ಪರದೆಯ ಅಂಕಿ, ಉತಾರದ ಚುಕ್ಕಿ

ಉತಾರದಲ್ಲಿ, ಎಂದರೆ ಪಹಣಿಯಲ್ಲಿ, ಹೊಲದ ವಿಸ್ತೀರ್ಣ 2.20 ಎಂದಿದ್ದರೆ ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆಯ ಯಾವ ರೈತನೂ ಅದನ್ನು ಎರಡೂವರೆ ಎಕರೆ ಎಂದೇ ಓದುತ್ತಾನೆ. ಚುಕ್ಕಿಯ ಎಡಕ್ಕಿರುವುದು ಎಕರೆ, ಬಲಕ್ಕಿರುವುದು ಗುಂಟೆ. ಎಕರೆಗೆ ನಲವತ್ತು ಗುಂಟೆ. ಅದೇ ಅಂಕಿಯನ್ನು ಎಕ್ಸೆಲ್ ಹಾಳೆಯಲ್ಲಿ ಬರೆದು ಎಂಟರ್ ಒತ್ತಿದರೆ ಕೊನೆಯ ಸೊನ್ನೆ ಬಿದ್ದುಹೋಗಿ 2.2 ಉಳಿಯುತ್ತದೆ. ಉತಾರ ಕಂಡವರು ಅದನ್ನು ಎರಡು ಎಕರೆ ಎರಡು ಗುಂಟೆ ಎಂದು ಓದಿಯಾರು. ಗಣಿತ ಕಲಿತವರು ದಶಮಾಂಶವೆಂದು ತಿಳಿದು ಎರಡು ಎಕರೆ ಎಂಟು ಗುಂಟೆ ಎಂದಾರು. ಹೊಲದ ಒಡೆಯನ ಕೈಯಲ್ಲಿರುವುದು ಎರಡು ಎಕರೆ ಇಪ್ಪತ್ತು ಗುಂಟೆ. ಬದುವಿನ ಕಲ್ಲು ಕದಲದೆಯೇ ಹನ್ನೆರಡೋ ಹದಿನೆಂಟೋ ಗುಂಟೆ ಕಾಗದದ ಮೇಲೆ ಕರಗಿಹೋಯಿತು.

ಕೂಡಿಸಲು ಹೋದರೆ ತೊಡಕು ಇನ್ನೂ ದೊಡ್ಡದು. ಅಣ್ಣನದು 1.25, ತಮ್ಮನದು 1.30. ಹಾಳೆ ಕೊಡುವ ಮೊತ್ತ 2.55. ಐವತ್ತೈದು ಗುಂಟೆ ಎಂಬ ಬರಹ ಉತಾರದಲ್ಲಿ ಬರುವಂತೆಯೇ ಇಲ್ಲ, ನಲವತ್ತಾದ ಕೂಡಲೇ ಅದು ಎಕರೆಗೆ ಏರಬೇಕು. ಸರಿಯಾದ ಮೊತ್ತ ಮೂರು ಎಕರೆ ಹದಿನೈದು ಗುಂಟೆ. ಯಂತ್ರ ತಪ್ಪು ಕೂಡಿಸಲಿಲ್ಲ. ತನಗೆ ಕಂಡ ಚುಕ್ಕಿಯನ್ನು ತನಗೆ ಗೊತ್ತಿದ್ದ ಒಂದೇ ಬಗೆಯಲ್ಲಿ ಅರ್ಥಮಾಡಿಕೊಂಡಿತು, ಅಷ್ಟೆ.

ಲೆಕ್ಕದ ತಂತ್ರಾಂಶಗಳು ಅಂಕಿಯನ್ನು ಹೇಗೆ ತೋರಿಸುತ್ತವೆ, ಆ ತೋರಿಸುವಿಕೆಯ ಹಿಡಿತ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಕಂಪ್ಯೂಟರ್ ಪುಸ್ತಕಗಳು ಒಂದೆರಡು ಪುಟದಲ್ಲಿ ಮುಗಿಸಿಬಿಡುತ್ತವೆ. ಇಷ್ಟು ದಶಮಾಂಶ ಬೇಕಾದರೆ ಈ ಆಜ್ಞೆ, ಅಷ್ಟು ಬೇಕಾದರೆ ಆ ಆಜ್ಞೆ ಎನ್ನುವುದಷ್ಟೇ ಅಲ್ಲಿನ ಪಾಠ. ನನ್ನ ಮಟ್ಟಿಗೆ ಇದು ಅಲಂಕಾರದ ಮಾತಲ್ಲ. ಪರದೆಯ ಮೇಲೆ ಕಂಡದ್ದನ್ನೇ ಮುಂದಿನವರು ಬರೆದುಕೊಳ್ಳುತ್ತಾರೆ, ಮುದ್ರಿಸುತ್ತಾರೆ, ಇನ್ನೊಂದು ಯಂತ್ರಕ್ಕೆ ಉಣಿಸುತ್ತಾರೆ. ಕಾಣುವ ಅಂಕಿಯೇ ಒಂದು ಹಂತದ ನಂತರ ಇರುವ ಅಂಕಿಯಾಗಿಬಿಡುತ್ತದೆ. ಅದಕ್ಕಾಗಿಯೇ ಈ ವಿಷಯವನ್ನು ಗದಗ-ಬೆಟಗೇರಿಯ ಸುತ್ತಲಿನ ಲೆಕ್ಕಗಳ ಜೊತೆ ಇಟ್ಟು ನೋಡಬೇಕೆನಿಸಿತು.

ಮೊದಲು ಗುಂಟೆಯ ಮೂಲ. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಮುಂಬಯಿ ಪ್ರಾಂತದ ಕಂದಾಯ ಮೋಜಣಿ ನಡೆದಾಗ ಬಳಕೆಗೆ ಬಂದದ್ದು 33 ಅಡಿಯ ಸರಪಳಿ. ಸರಪಳಿಯ ಉದ್ದಗಲದ ಚೌಕವೇ ಒಂದು ಗುಂಟೆ, ಎಂದರೆ 1,089 ಚದರಡಿ. ಸರಪಳಿಯನ್ನು ಹದಿನಾರು ಆಣೆಯಾಗಿ ಭಾಗಿಸಿದ್ದರು. ಆದ್ದರಿಂದ ಗುಂಟೆಗೂ ಹದಿನಾರು ಆಣೆ. ಎಕರೆಗೆ ನಲವತ್ತು, ಗುಂಟೆಗೆ ಹದಿನಾರು ಎಂಬ ಈ ಏರಿಳಿತ ಅಂದಿನ ರೂಪಾಯಿ-ಆಣೆ-ಪೈಗಳ ಲೆಕ್ಕಕ್ಕೆ ಒಗ್ಗಿದ ಮನಸ್ಸಿಗೆ ಸಹಜವಾಗಿತ್ತು. 2000ದ ಆಸುಪಾಸಿನಲ್ಲಿ ಕರ್ನಾಟಕದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗಲೂ ಎಕರೆ-ಗುಂಟೆಗಳೇ ಉಳಿದವು, ನಡುವಿನ ಚುಕ್ಕಿಯೂ ಉಳಿಯಿತು. ಕೈಬರಹದ ಪಹಣಿಯಲ್ಲಿ ಆ ಚುಕ್ಕಿ ಬರೀ ಗಡಿಯಾಗಿತ್ತು. ಯಂತ್ರದ ಕಣ್ಣಿಗೆ ಮಾತ್ರ ಅದು ದಶಮಾಂಶ ಬಿಂದು.

ಇನ್ನು ಯಂತ್ರದ ಒಳಗೆ. ಇಂದಿನ ಬಹುಪಾಲು ಲೆಕ್ಕದ ತಂತ್ರಾಂಶಗಳು 1985ರಲ್ಲಿ ಮೊದಲು ರೂಪುಗೊಂಡ ಐಇಇಇ 754 ಎಂಬ ಮಾನದಂಡದ ಪ್ರಕಾರ ಸಂಖ್ಯೆಗಳನ್ನು 64 ಬಿಟ್‌ಗಳಲ್ಲಿ ಇಡುತ್ತವೆ. ಆ ಮಾನದಂಡದ ಹಿಂದಿನ ಮುಖ್ಯ ತಲೆ ವಿಲಿಯಂ ಕಹಾನ್ ಅವರದು. ಅಂಕಿಗಳ ನಿಖರತೆಗೆ ಸಿಗುವುದು 53 ದ್ವಿಮಾನ ಸ್ಥಾನ, ನಮ್ಮ ಲೆಕ್ಕದಲ್ಲಿ ಹದಿನೈದರಿಂದ ಹದಿನೇಳು ಅಂಕಿ. ಎರಡರ ಘಾತಗಳಲ್ಲಿ ಎಣಿಸುವ ಯಂತ್ರಕ್ಕೆ ಕಾಲು, ಅರೆ, ಮುಕ್ಕಾಲು, ಹದಿನಾರನೇ ಒಂದು ಎಲ್ಲವೂ ಚೊಕ್ಕವಾಗಿ ಹಿಡಿಯುತ್ತವೆ. ಹತ್ತನೇ ಒಂದು ಹಿಡಿಯುವುದಿಲ್ಲ. 0.1 ಎಂದು ನಾವು ಬರೆದರೆ ಒಳಗೆ ಕೂರುವುದು 0.1000000000000000055 ಎಂದು ಮೊದಲಾಗುವ ಉದ್ದನೆಯ ಸಂಖ್ಯೆ. ಅಜ್ಜಂದಿರ ಆಣೆ ಲೆಕ್ಕ ಯಂತ್ರಕ್ಕೆ ನಮ್ಮ ಪೈಸೆ ಲೆಕ್ಕಕ್ಕಿಂತ ಒಗ್ಗುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಹಾಗಾದರೆ 0.1 ಎಂದು ಪರದೆಯಲ್ಲಿ ಕಾಣುವುದು ಹೇಗೆ? ಯಾರೋ ಎಲ್ಲೋ ಎಷ್ಟು ಅಂಕಿ ತೋರಿಸಬೇಕೆಂದು ತೀರ್ಮಾನಿಸಿದ್ದಾರೆ. ಪೈ ಎಂಬ ಒಂದೇ ಸಂಖ್ಯೆಯನ್ನು ಬೇರೆಬೇರೆ ತಂತ್ರಾಂಶದಲ್ಲಿ ಕೇಳಿ ನೋಡಿ. ಮ್ಯಾಟ್‌ಲ್ಯಾಬ್ ಮತ್ತು ಆಕ್ಟೇವ್ 3.1416 ಎನ್ನುತ್ತವೆ. ಆರ್ 3.141593 ಎನ್ನುತ್ತದೆ. ಸೈಲ್ಯಾಬ್ 3.1415927, ಪೈಥಾನ್ ಭಾಷೆಯ ಗಣಿತ ಸಂಗ್ರಹವಾದ ನಮ್‌ಪೈ ತನ್ನ ಅಂಕಿಸಾಲಿನೊಳಗೆ 3.14159265, ಬರಿಯ ಪೈಥಾನ್ 3.141592653589793. ಒಳಗೆ ಕೂತ ಬಿಟ್‌ಗಳು ಎಲ್ಲ ಕಡೆಯೂ ಒಂದೇ. ಬದಲಾದದ್ದು ಹೊರಗಿನ ಮಾತು ಮಾತ್ರ. ಮ್ಯಾಟ್‌ಲ್ಯಾಬಿನಲ್ಲಿ ಫಾರ್ಮ್ಯಾಟ್ ಲಾಂಗ್ ಎಂದರೆ ಉಳಿದ ಅಂಕಿಗಳೂ ಹೊರಬರುತ್ತವೆ; ಲೆಕ್ಕದ ನಿಖರತೆ ಅದರಿಂದ ಒಂದಿಷ್ಟೂ ಹೆಚ್ಚುವುದಿಲ್ಲ. ಫಾರ್ಮ್ಯಾಟ್ ಲಾಂಗ್ ಕೊಟ್ಟರೆ ಉತ್ತರ ಹೆಚ್ಚು ಸರಿಯಾಗುತ್ತದೆ ಎಂದು ನಂಬಿದ ವಿದ್ಯಾರ್ಥಿಗಳು ಕಡಿಮೆಯಿಲ್ಲ. ಆ ನಂಬಿಕೆಯನ್ನು ಮೊದಲ ವಾರದಲ್ಲೇ ಬಿಡಿಸಬೇಕು.

ಎಷ್ಟು ಅಂಕಿ ತೋರಿಸಿದರೆ ಸಾಕು ಎಂಬುದು ಗಂಭೀರ ಸಂಶೋಧನೆಯ ವಸ್ತುವೂ ಹೌದು. ಮರಳಿ ಓದಿದಾಗ ಅದೇ ಸಂಖ್ಯೆ ಸಿಗುವಂತೆ, ಆದರೆ ಒಂದು ಅಂಕಿಯೂ ಹೆಚ್ಚಾಗದಂತೆ ಮುದ್ರಿಸುವ ವಿಧಾನವನ್ನು ಗೈ ಸ್ಟೀಲ್ ಮತ್ತು ಜಾನ್ ವೈಟ್ 1990ರಲ್ಲಿ ಪ್ರಕಟಿಸಿದರು. 2009ರಲ್ಲಿ ಬಂದ ಪೈಥಾನ್ 3.1 ಈ ತತ್ವಕ್ಕೆ ಬದಲಾಯಿತು, ಅಂದಿನಿಂದ 0.1 ಎಂದು ಕೊಟ್ಟರೆ 0.1 ಎಂದೇ ತೋರುತ್ತದೆ. 0.1 ಮತ್ತು 0.2 ಕೂಡಿಸಿದರೆ ಮಾತ್ರ 0.30000000000000004 ಬರುತ್ತದೆ, ಏಕೆಂದರೆ ಆ ಮೊತ್ತ 0.3ರ ಬಿಟ್‌ಗಳಿಗೆ ಸಮವಲ್ಲ, ಅದನ್ನು ಮುಚ್ಚಿಡಲು ಪೈಥಾನ್ ಒಪ್ಪುವುದಿಲ್ಲ. ಮ್ಯಾಟ್‌ಲ್ಯಾಬಿನ ಚಿಕ್ಕ ರೂಪ 0.3000 ಎಂದು ತೋರಿಸಿ ಮುಂದೆ ಹೋಗುತ್ತದೆ. ಎಂಜಿನಿಯರಿಗೆ ಮ್ಯಾಟ್‌ಲ್ಯಾಬಿನ ದಾರಿ ಹಿತ, ತಪ್ಪು ಹುಡುಕುವವನಿಗೆ ಪೈಥಾನಿನದು. ಮೊದಲ ಪಾಠಕ್ಕೆ ಪೈಥಾನಿನ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮ ಮೊದಲ ವರ್ಷದ ಗಣಿತಕ್ಕೇ ಕಂಪ್ಯೂಟರ್ ಪ್ರಯೋಗಾಲಯವನ್ನು ಜೋಡಿಸಿತು. ಹೀಗಾಗಿ ಗದಗಿನ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜಿರಲಿ, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜಿರಲಿ, ಹದಿನೆಂಟರ ಹರೆಯದವರು ಈ ತಂತ್ರಾಂಶಗಳ ಮುಂದೆ ಕೂರುತ್ತಾರೆ. ಅವರು ನಮ್ಮ ಸೀಮೆಯ ಅಂಕಿಗಳನ್ನೇ ಕೊಟ್ಟು ನೋಡಿದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ.

ಮ್ಯಾಟ್‌ಲ್ಯಾಬಿನಲ್ಲಿ ಒಂದೇ ಸಾಲಿನಲ್ಲಿ ಮೂರು ಅಂಕಿ ಇಡಿ: ಹೊಲ 2.5 ಎಕರೆ, ಅದರಲ್ಲಿ ಉಳ್ಳಾಗಡ್ಡಿ ಹಾಕಿದ್ದು 0.4 ಎಕರೆ, ಪಡೆದ ಸಾಲ 1,25,000 ರೂಪಾಯಿ. ಎಂದಿನ ಚಿಕ್ಕ ರೂಪದಲ್ಲಿ ತಂತ್ರಾಂಶ ಇಡೀ ಸಾಲಿಗೆ ಒಂದೇ ಗುಣಕವನ್ನು ಮೇಲೆ ಬರೆಯುತ್ತದೆ, ಹತ್ತರ ಐದನೇ ಘಾತ. ಕೆಳಗೆ ಕಾಣುವುದು 0.0000, 0.0000, 1.2500. ಹೊಲವೂ ಸೊನ್ನೆ, ಉಳ್ಳಾಗಡ್ಡಿಯೂ ಸೊನ್ನೆ, ಉಳಿದದ್ದು ಸಾಲವೊಂದೇ. ಮೇಲಿನ ಗುಣಕವನ್ನು ಗಮನಿಸದೆ ಈ ಸಾಲನ್ನು ವರದಿಗೆ ನಕಲು ಮಾಡಿದರೆ ಕಥೆ ಮುಗಿಯಿತು. ಫಾರ್ಮ್ಯಾಟ್ ಶಾರ್ಟ್ ಜಿ ಎಂದರೆ ಪ್ರತಿ ಅಂಕಿಯೂ ತನ್ನ ಅಳತೆಗೆ ತಕ್ಕಂತೆ ಬರುತ್ತದೆ. ಹಣದ ಲೆಕ್ಕಕ್ಕೆ ಫಾರ್ಮ್ಯಾಟ್ ಬ್ಯಾಂಕ್ ಇದೆ, ಎಲ್ಲಕ್ಕೂ ಎರಡೇ ದಶಮಾಂಶ. ಫಾರ್ಮ್ಯಾಟ್ ರ‍್ಯಾಟ್ ಎಂಬುದು ಭಿನ್ನರಾಶಿಯಾಗಿ ತೋರಿಸುತ್ತದೆ: 0.0625 ಕೊಟ್ಟರೆ 1/16, ಎಂದರೆ ಒಂದು ಆಣೆ. ಅದೇ ರೂಪದಲ್ಲಿ ಪೈ 355/113 ಎಂದು ಕಾಣುತ್ತದೆ. ಅದು ಹತ್ತಿರದ ಬೆಲೆ ಮಾತ್ರ, ಪೈ ಅಲ್ಲ.

ಅಂಕಿಅಂಶ ಶಾಸ್ತ್ರದವರ ಮೆಚ್ಚಿನ ಆರ್ ಭಾಷೆಗೆ 100000 ಎಂದು ಕೊಟ್ಟರೆ ಅದು 1ಇ+05 ಎಂದು ಮರಳಿ ಹೇಳುತ್ತದೆ. 100001 ಕೊಟ್ಟರೆ ಹಾಗೆಯೇ ಬರೆಯುತ್ತದೆ. ಕಾರಣ ಸರಳ: ನೇರ ಬರಹ, ಘಾತರೂಪದ ಬರಹ ಇವೆರಡರಲ್ಲಿ ಯಾವುದು ಕಡಿಮೆ ಜಾಗ ಹಿಡಿಯುತ್ತದೋ ಅದನ್ನು ಆರ್ ಆರಿಸುತ್ತದೆ. ಸರಿಯಾಗಿ ಒಂದು ಲಕ್ಷ ಎಂಬ, ನಮ್ಮ ಬಾಯಲ್ಲಿ ದಿನವೂ ಆಡುವ ದುಂಡು ಮೊತ್ತವೇ ಅಲ್ಲಿ ಗುರುತು ಸಿಗದಂತಾಗುತ್ತದೆ. ಸೈಪೆನ್ ಎಂಬ ಆಯ್ಕೆಯ ಬೆಲೆ ಏರಿಸಿದರೆ ಈ ಪದ್ಧತಿ ನಿಲ್ಲುತ್ತದೆ.

ನಮ್‌ಪೈನದು ಇನ್ನೊಂದು ಬಗೆ. ಸಾವಿರಕ್ಕಿಂತ ಹೆಚ್ಚು ಅಂಕಿಗಳಿರುವ ಸಾಲನ್ನು ಮುದ್ರಿಸು ಎಂದರೆ ಅದು ಮೊದಲ ಮೂರು, ಕೊನೆಯ ಮೂರು ಅಂಕಿ ತೋರಿಸಿ ನಡುವೆ ಮೂರು ಚುಕ್ಕಿ ಇಡುತ್ತದೆ. ಗದಗಿನ ಮೂರು ವರ್ಷಗಳ ದಿನದಿನದ ಮಳೆಯನ್ನು ಕೊಟ್ಟಿರೆಂದುಕೊಳ್ಳಿ, 1,095 ಅಂಕಿ. ಜನವರಿಯ ಮೊದಲ ಮೂರು ದಿನ ನಮ್ಮಲ್ಲಿ ಸಾಮಾನ್ಯವಾಗಿ ಒಣ, ಡಿಸೆಂಬರಿನ ಕೊನೆಯ ಮೂರು ದಿನವೂ ಒಣ. ಪರದೆಯ ಮೇಲೆ ಸೊನ್ನೆ ಸೊನ್ನೆ ಸೊನ್ನೆ, ಮೂರು ಚುಕ್ಕಿ, ಮತ್ತೆ ಮೂರು ಸೊನ್ನೆ. ಮುಂಗಾರು, ಹಿಂಗಾರು, ಹೆಸರು ಬಿತ್ತಿದ ಜೂನ್, ಕಡಲೆಗೆ ಹದವಾದ ಅಕ್ಟೋಬರ್ ಎಲ್ಲವೂ ಆ ಮೂರು ಚುಕ್ಕಿಗಳ ಒಳಗೆ. ಸೆಟ್ ಪ್ರಿಂಟ್ ಆಪ್ಷನ್ಸ್ ಎಂಬ ಒಂದೇ ಆಜ್ಞೆಯಿಂದ ಈ ಮಿತಿಯನ್ನೂ ದಶಮಾಂಶಗಳ ಎಣಿಕೆಯನ್ನೂ ಘಾತರೂಪದ ಬರಹವನ್ನೂ ಬದಲಿಸಬಹುದು. ಬದಲಿಸಬಹುದು ಎಂಬುದು ಗೊತ್ತಿರಬೇಕಷ್ಟೆ. ಸೈಲ್ಯಾಬ್, ಪೈಥಾನ್‌ಗಳನ್ನು ಭಾರತೀಯ ಭಾಷೆಗಳ ವಿವರಣೆಯೊಡನೆ ಕಲಿಸುವ ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಂಥ ಕೆಲಸ ನಡೆದಿರುವುದರಿಂದ ಕನ್ನಡದಲ್ಲೇ ಇದನ್ನು ಹೇಳಿಕೊಡಲು ಅಡ್ಡಿಯೇನಿಲ್ಲ.

ಆದರೆ ಜಿಲ್ಲೆಯ ಹೆಚ್ಚಿನ ಲೆಕ್ಕ ನಡೆಯುವುದು ಮ್ಯಾಟ್‌ಲ್ಯಾಬಿನಲ್ಲೂ ಅಲ್ಲ, ಪೈಥಾನಿನಲ್ಲೂ ಅಲ್ಲ. ಬೆಟಗೇರಿಯ ಸೀರೆ ವ್ಯಾಪಾರದ ಖಾತೆ, ಎಪಿಎಂಸಿಯ ದಲಾಲಿ ಅಂಗಡಿ, ಸಹಕಾರ ಸಂಘ, ಪಂಚಾಯಿತಿಯ ಫಲಾನುಭವಿ ಪಟ್ಟಿ, ಎಲ್ಲವೂ ಎಕ್ಸೆಲ್ ಹಾಳೆಯಲ್ಲಿ. ಅಲ್ಲಿನ ಅಪಾಯಗಳು ಹೆಚ್ಚು ಸೂಕ್ಷ್ಮ, ಏಕೆಂದರೆ ಕೆಲವು ಕಡೆ ಬದಲಾಗುವುದು ತೋರುವ ರೂಪ ಮಾತ್ರ, ಕೆಲವು ಕಡೆ ಒಳಗಿನ ಅಂಕಿಯೇ.

ಸರ್ವೆ ನಂಬರ್ 12, ಹಿಸ್ಸಾ 3. ಇದನ್ನು 12/3 ಎಂದು ಬರೆದ ಕೂಡಲೇ ಹಾಳೆ ಅದನ್ನು ದಿನಾಂಕವೆಂದು ತಿಳಿಯುತ್ತದೆ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಭಾರತದ್ದಾದರೆ ಮಾರ್ಚ್ 12, ಅಮೆರಿಕದ್ದಾದರೆ ಡಿಸೆಂಬರ್ 3. ಗಾಬರಿಯಾಗಿ ಆ ಕೋಶವನ್ನು ಪಠ್ಯರೂಪಕ್ಕೆ ತಿರುಗಿಸಿದರೆ ಸರ್ವೆ ನಂಬರ್ ಮರಳುವುದಿಲ್ಲ. 2025ರಲ್ಲಿ ಬರೆದಿದ್ದರೆ 45728 ಎಂಬ ಅಂಕಿ ಮೂಡುತ್ತದೆ. 1900ರ ಆರಂಭದಿಂದ ಎಣಿಸಿದ ದಿನಗಳು ಅವು. ಹಿಸ್ಸಾಕ್ಕೆ ಅಕ್ಷರ ಸೇರಿ 12/3ಅ ಎಂಬಂತಿದ್ದರೆ ಮಾತ್ರ ಬಚಾವು. ಕೋಶವನ್ನು ಮೊದಲೇ ಪಠ್ಯವೆಂದು ಗುರುತಿಸಿ ಆಮೇಲೆ ಬರೆಯುವುದೇ ಸರಿಯಾದ ದಾರಿ. ಇದು ನಮ್ಮ ತಹಶೀಲ್ದಾರ ಕಚೇರಿಗಳ ಮಟ್ಟದ ತೊಂದರೆ ಎಂದುಕೊಳ್ಳಬೇಕಿಲ್ಲ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಮಾನವ ಜೀನುಗಳು ವಿಜ್ಞಾನಿಗಳ ಹಾಳೆಗಳಲ್ಲಿ ದಿನಾಂಕಗಳಾಗಿ ಬದಲಾಗಿ, ಪ್ರಕಟಿತ ಸಂಶೋಧನೆಗಳಲ್ಲೂ ಹಾಗೆಯೇ ಸೇರಿಹೋದವು. ಕೊನೆಗೆ 2020ರಲ್ಲಿ ಜೀನುಗಳ ಹೆಸರನ್ನೇ ಬದಲಿಸಲಾಯಿತು. ಅಕ್ಷರ-ಅಂಕಿ ಕೂಡಿದ ಇಂಥ ಹೆಸರುಗಳು ತಾವಾಗಿ ದಿನಾಂಕವಾಗುವುದನ್ನು ನಿಲ್ಲಿಸುವ ಆಯ್ಕೆಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಕೊಟ್ಟಿತು. ಜೀನುಗಳ ಹೆಸರು ಬದಲಿಸಬಹುದು, ಗ್ರಾಮನಕ್ಷೆಯ ಸರ್ವೆ ನಂಬರು ಬದಲಿಸಲಾಗದು.

ಆಧಾರ್ ಸಂಖ್ಯೆಗೆ ಹನ್ನೆರಡು ಅಂಕಿ. ಎಕ್ಸೆಲ್ಲಿನ ಸಾಮಾನ್ಯ ರೂಪ ಹನ್ನೊಂದು ಅಂಕಿಗಳವರೆಗೆ ಮಾತ್ರ ನೆಟ್ಟಗೆ ತೋರಿಸುತ್ತದೆ, ಹನ್ನೆರಡಾದರೆ 1.23457ಇ+11 ಎಂಬಂತೆ ಕುಗ್ಗಿಸುತ್ತದೆ. ಆ ಹಂತದಲ್ಲಿ ಒಳಗಿನ ಸಂಖ್ಯೆ ಕ್ಷೇಮ. ಕೋಶದ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಪಟ್ಟಿಯಲ್ಲಿ ಪೂರ್ತಿ ಕಾಣುತ್ತದೆ. ಅದೇ ಹಾಳೆಯನ್ನು ಸಿಎಸ್‌ವಿ ಕಡತವಾಗಿ ಉಳಿಸಿದಿರೋ, ಕಡತಕ್ಕೆ ಇಳಿಯುವುದು ಪರದೆಯ ಮೇಲಿದ್ದ ರೂಪ. ಕೊನೆಯ ಆರು ಅಂಕಿ ಹೋಯಿತು, ಮತ್ತೆ ಬರುವುದಿಲ್ಲ. ಫಲಾನುಭವಿಗಳ ಪಟ್ಟಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವುದು ಇಂಥ ಕಡತಗಳ ರೂಪದಲ್ಲೇ. ಹದಿನಾರು ಅಂಕಿಯ ಬ್ಯಾಂಕ್ ಖಾತೆಯಾದರೆ ಉಳಿಸುವವರೆಗೂ ಕಾಯಬೇಕಿಲ್ಲ: ಎಕ್ಸೆಲ್ ಹದಿನೈದೇ ಅಂಕಿ ಹಿಡಿಯುವುದರಿಂದ ಬರೆದ ಕ್ಷಣದಲ್ಲೇ ಕೊನೆಯದು ಸೊನ್ನೆಯಾಗುತ್ತದೆ. ಸೊನ್ನೆಯಿಂದ ಶುರುವಾಗುವ ಖಾತೆಯಾದರೆ ಮೊದಲಿನ ಸೊನ್ನೆಗಳೇ ಉದುರುತ್ತವೆ. ಆಧಾರ್, ಖಾತೆ ಸಂಖ್ಯೆ, ಸರ್ವೆ ನಂಬರ್, ಇವು ಯಾವುವನ್ನೂ ಯಾರೂ ಕೂಡಿಸುವುದಿಲ್ಲ, ಭಾಗಿಸುವುದಿಲ್ಲ. ಅಂಕಿಗಳಲ್ಲಿ ಬರೆದ ಹೆಸರುಗಳವು. ಅವನ್ನು ಸಂಖ್ಯೆಯ ಕೋಶದಲ್ಲಿ ಇಡಲೇಬಾರದು.

ಪರದೆಯ ಅಂಕಿಯೇ ಫಲಿತಾಂಶವನ್ನು ತೀರ್ಮಾನಿಸಿದ ಪ್ರಸಂಗಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಎರಡನ್ನು ಹೇಳಿದರೆ ಸಾಕು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಎಡ್ವರ್ಡ್ ಲೊರೆನ್ಜ್ ಹವಾಮಾನದ ಒಂದು ಮಾದರಿಯನ್ನು ಕಂಪ್ಯೂಟರಿನಲ್ಲಿ ನಡೆಸುತ್ತಿದ್ದರು. ಯಂತ್ರದ ಒಳಗೆ ಆರು ದಶಮಾಂಶ, ಕಾಗದಕ್ಕೆ ಮೂರೇ. ಒಂದು ಓಟವನ್ನು ನಡುವಿನಿಂದ ಮತ್ತೆ ಶುರುಮಾಡಲು ಅವರು ಕಾಗದದಲ್ಲಿದ್ದ 0.506 ಅನ್ನು ಕೊಟ್ಟರು. ಒಳಗಿದ್ದದ್ದು 0.506127. ಸ್ವಲ್ಪ ಹೊತ್ತಿನಲ್ಲಿ ಎರಡು ಓಟಗಳ ಹವಾಮಾನ ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರೆಯಾಯಿತು. ಗೊಂದಲ ಸಿದ್ಧಾಂತದ ಬೇರು ಅಲ್ಲಿದೆ. 1963ರ ಅವರ ಪ್ರಬಂಧ ಈಗ ವಿಜ್ಞಾನದ ಚರಿತ್ರೆ. ಮುದ್ರಣದ ಜಾಗ ಉಳಿಸಲು ಕೈಬಿಟ್ಟ ಮೂರು ಅಂಕಿ ಇಷ್ಟಕ್ಕೆ ಕಾರಣ.

ಇನ್ನೊಂದು ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ್ದು. ಅಲ್ಲಿನ ನಿಯಮದಂತೆ ಸಾಮಾನ್ಯವಾಗಿ ಶೇ 5ರಷ್ಟು ಮತ ಸಿಗದ ಪಕ್ಷಕ್ಕೆ ಶಾಸನಸಭೆಯಲ್ಲಿ ಜಾಗವಿಲ್ಲ. 1992ರ ಏಪ್ರಿಲ್ 5ರ ಚುನಾವಣೆಯಲ್ಲಿ ಗ್ರೀನ್ ಪಕ್ಷಕ್ಕೆ 5.0 ಎಂದು ಪಟ್ಟಿ ತೋರಿಸಿತು. ಆ ಪಟ್ಟಿ ಮುದ್ರಿಸುವ ಪ್ರೋಗ್ರಾಂ ಒಂದೇ ದಶಮಾಂಶ ತೋರಿಸುತ್ತಿತ್ತು. ನಿಜವಾದ ಪಾಲು 4.97. ತಪ್ಪು ಗೊತ್ತಾದ ಮೇಲೆ ಆ ಪಕ್ಷದ ಸ್ಥಾನಗಳು ಹೋದವು, ಬಹುಮತದ ಲೆಕ್ಕವೇ ಬದಲಾಯಿತು.

ನಮ್ಮಲ್ಲಿ ಇಂಥದೇ ಗಡಿ ಹೆಕ್ಟೇರಿನಲ್ಲಿದೆ. ಕೃಷಿ ಗಣತಿಯ ವಿಂಗಡಣೆಯಲ್ಲಿ 1 ಹೆಕ್ಟೇರಿಗಿಂತ ಕಡಿಮೆ ಇದ್ದವರು ಅತಿಸಣ್ಣ ಹಿಡುವಳಿದಾರರು, 1ರಿಂದ 2ರವರೆಗೆ ಸಣ್ಣ ಹಿಡುವಳಿದಾರರು. ಎರಡು ಎಕರೆ ಹದಿನೆಂಟು ಗುಂಟೆ ಎಂದರೆ 2.45 ಎಕರೆ, 0.9915 ಹೆಕ್ಟೇರ್. ಒಂದೇ ದಶಮಾಂಶ ತೋರಿಸುವ ಪಟ್ಟಿಯಲ್ಲಿ ಇದು 1.0 ಆಗುತ್ತದೆ, ರೈತ ಕಾಗದದ ಮೇಲೆ ಒಂದು ಮೆಟ್ಟಿಲು ಏರಿಬಿಡುತ್ತಾನೆ. ವಿಂಗಡಣೆಯನ್ನು ಒಳಗಿನ ಅಂಕಿಯಿಂದ ಮಾಡಿ ಆಮೇಲೆ ಮುದ್ರಿಸಿದರೆ ತೊಂದರೆಯಿಲ್ಲ. ಮುದ್ರಿತ ಪಟ್ಟಿಯನ್ನು ನೋಡಿ ವಿಂಗಡಿಸಿದರೆ ತಪ್ಪುತ್ತದೆ.

ಹಾಗೆಂದು ಎಲ್ಲ ಅಂಕಿಗಳನ್ನೂ ತೋರಿಸುವುದೂ ಪರಿಹಾರವಲ್ಲ. ಎರಡೂವರೆ ಎಕರೆಯನ್ನು 1.011714 ಹೆಕ್ಟೇರ್ ಎಂದು ಬರೆದ ದಾಖಲೆಯನ್ನು ನೋಡಿದರೆ ಬಹಳ ಕಟ್ಟುನಿಟ್ಟಾಗಿ ಅಳೆದಂತೆ ತೋರುತ್ತದೆ. ಹೆಕ್ಟೇರಿನ ಆರನೇ ದಶಮಾಂಶ ಎಂದರೆ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ನೆಲ, ಅಂಗೈಯಷ್ಟು. ಸರಪಳಿ ಮೋಜಣಿಯ ಅತಿ ಚಿಕ್ಕ ಅಳತೆಯಾದ ಆಣೆಯೇ 6.3 ಚದರ ಮೀಟರ್. ಅಳೆದವರಿಗೆ ತಿಳಿಯದ್ದನ್ನು ಅಂಕಿ ತಿಳಿದಂತೆ ನಟಿಸುತ್ತದೆ. ಬೆಳೆ ಸಮೀಕ್ಷೆಯ ಅಕ್ಷಾಂಶ-ರೇಖಾಂಶಗಳಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ: ಎರಡೇ ದಶಮಾಂಶ ಉಳಿಸಿದರೆ ಸುಮಾರು ಒಂದು ಕಿಲೋಮೀಟರಿನೊಳಗೆ ಎಲ್ಲೋ ಎಂಬಷ್ಟೇ ತಿಳಿಯುತ್ತದೆ, ಹೊಲ ಪಕ್ಕದೂರಿಗೂ ಹೋದೀತು. ಎಷ್ಟು ಅಂಕಿ ಬೇಕು ಎಂಬುದನ್ನು ಅಳತೆಯ ಸಾಧನ ಮತ್ತು ಓದುವವನ ಕೆಲಸ ಸೇರಿ ನಿರ್ಧರಿಸಬೇಕು, ತಂತ್ರಾಂಶ ತಯಾರಿಸಿದವರ ರೂಢಿಯಲ್ಲ.

ಲಕ್ಷ-ಕೋಟಿಯ ಅಲ್ಪವಿರಾಮದ ಮಾತನ್ನು ಚುಟುಕಾಗಿ ಮುಗಿಸಬಹುದು. ಪೈಥಾನಿನ ಸಿದ್ಧ ಅಲ್ಪವಿರಾಮ 1,234,567 ಎಂದು ಮೂರು ಮೂರಕ್ಕೆ ಕತ್ತರಿಸುತ್ತದೆ. ನಮಗೆ ಬೇಕಾದದ್ದು 12,34,567. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗನ್ನು ಭಾರತಕ್ಕೆ ಇಟ್ಟರೆ ಎಕ್ಸೆಲ್ ಸರಿಯಾಗಿ ತೋರಿಸುತ್ತದೆ. ಊರಿನ ಜನ ಒಂದು ನೋಟಕ್ಕೆ ಓದಬೇಕಾದ ಫಲಕ, ಪಂಚಾಯಿತಿಯ ಜಮಾಖರ್ಚಿನ ಹಾಳೆ ಇಂಥಲ್ಲಿ ಮಿಲಿಯನ್ನಿನ ಕತ್ತರಿಕೆಯನ್ನು ಬಿಡಬಾರದು. ಅದು ಓದುವವರಿಗೆ ತೋರುವ ಮರ್ಯಾದೆಯ ಪ್ರಶ್ನೆ.

ಕನ್ನಡ ಅಂಕಿಗಳ ವಿಷಯಕ್ಕೆ ಬಂದರೆ ಖುಷಿಪಡುವ ಸಂಗತಿಗಳಿವೆ. ಪೈಥಾನಿಗೆ ೧೨೩ ಎಂದು ಕೊಟ್ಟು ಪೂರ್ಣಾಂಕವಾಗಿಸು ಎಂದರೆ ಅದು ಯಾವ ತಕರಾರೂ ಇಲ್ಲದೆ 123 ಎಂದು ಹಿಡಿಯುತ್ತದೆ. ೧೨.೫ ಕೂಡ ಓದುತ್ತದೆ. ಮರಳಿ ತೋರಿಸುವಾಗ ಮಾತ್ರ ಕನ್ನಡ ಅಂಕಿ ತಾನಾಗಿ ಬರುವುದಿಲ್ಲ, ಹತ್ತು ಅಂಕಿಗಳ ಒಂದು ಬದಲಿ ಪಟ್ಟಿ ಬರೆದುಕೊಳ್ಳಬೇಕು. ಓದಲು ಬಲ್ಲದು, ಹೇಳಿಕೊಡದೆ ಬರೆಯದು.

ಇದಕ್ಕಿಂತ ಆಳವಾದದ್ದು ಭಿನ್ನರಾಶಿಯ ಗುರುತುಗಳ ಕಥೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ, ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾದ ಸಂಘದ ಕಾಲದಲ್ಲಿ ಹಣದ ಲೆಕ್ಕವೆಲ್ಲ ರೂಪಾಯಿ, ಆಣೆ, ಪೈಗಳದು: ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ನಮ್ಮ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಕಾಲಿಗೆ ಒಂದು ನಿಂತ ಗೆರೆ, ಅರೆಗೆ ಎರಡು, ಮುಕ್ಕಾಲಿಗೆ ಮೂರು. ಹದಿನಾರನೇ ಭಾಗಗಳಿಗೆ ಓರೆ ಗೆರೆಗಳು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಹೊಸ ಪೈಸೆ ಬಂದಾಗ ಒಂದಾಣೆ ಎಂದರೆ ಆರೂಕಾಲು ಪೈಸೆ, ಆ ಕಾಲು ಪೈಸೆಗೆ ನಾಣ್ಯವಿಲ್ಲ. ಒಂದಾಣೆಯ ವ್ಯವಹಾರದಲ್ಲಿ ಯಾರಾದರೂ ಒಬ್ಬರು ಆ ಕಾಲನ್ನು ಬಿಡಬೇಕಾಯಿತು. ಗೆರೆಗಳ ಗುರುತುಗಳು ಕ್ರಮೇಣ ಮರೆಯಾದವು. ಆದರೆ ಅಳಿದಿಲ್ಲ: 2009ರ ಯೂನಿಕೋಡ್ 5.2 ಆವೃತ್ತಿ ಭಾರತದ ಈ ಭಿನ್ನರಾಶಿ ಗುರುತುಗಳಿಗೆ ತನ್ನಲ್ಲಿ ಜಾಗ ಕೊಟ್ಟಿತು. ಕಾಲಿನ ಗುರುತನ್ನು ಪೈಥಾನಿನ ಯೂನಿಕೋಡ್ ಪಟ್ಟಿಯಲ್ಲಿ ಕೇಳಿದರೆ ಅದರ ಬೆಲೆ 0.25 ಎಂದು ಉತ್ತರ ಬರುತ್ತದೆ. ಹಳೆಯ ಕಡತಗಳನ್ನು ಡಿಜಿಟಲ್ ಮಾಡುವವರು ಗುರುತುಗಳನ್ನು ದಶಮಾಂಶಕ್ಕೆ ತಿರುಗಿಸಿ ಮೂಲವನ್ನು ಬಿಸಾಡುವ ಅಗತ್ಯ ಇನ್ನಿಲ್ಲ. ಎರಡನ್ನೂ ಇಡಬಹುದು, ಇಡಬೇಕು.

ಒಂದು ಸಂಗತಿಯನ್ನು ಎರಡು ರೂಪದಲ್ಲಿ ಬರೆಯುವ ಎಚ್ಚರ ಈ ನೆಲದಲ್ಲಿ ಹೊಸದಲ್ಲ. ಗದಗಿಗೆ ಹತ್ತಿರದ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಬಸದಿಯಿದೆ, ಅವಳ ಶಾಸನ ಕ್ರಿ.ಶ. 1007ರದು. ಕಾಲ ಹೇಳುವಾಗ ನಮ್ಮ ಶಾಸನಗಳು ಶಕವರ್ಷದ ಜೊತೆಗೆ ಅರವತ್ತರ ಚಕ್ರದ ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಕೊಡುವುದು ವಾಡಿಕೆ. ಶಕ 929 ಎಂದರೆ ಪ್ಲವಂಗ ಸಂವತ್ಸರ. ಅಂಕಿಯೊಂದು ಸವೆದು 9 ಎಂಬುದು ಬೇರೆ ಯಾವುದೋ ಆಗಿ ಕಂಡರೂ ಸಂವತ್ಸರದ ಹೆಸರು ತಪ್ಪನ್ನು ಹಿಡಿದುಕೊಡುತ್ತದೆ. ಲಕ್ಷ್ಮೇಶ್ವರದ, ಎಂದರೆ ಹಳೆಯ ಪುಲಿಗೆರೆಯ ಶಾಸನಗಳನ್ನು ಓದಿ ಕಾಲ ನಿರ್ಣಯಿಸಿದವರು ನೆಚ್ಚಿಕೊಂಡದ್ದು ಈ ಹೊಂದಾಣಿಕೆಯನ್ನೇ. ಬ್ಯಾಂಕಿನ ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸುವುದು ಇದೇ ಕಾರಣಕ್ಕೆ. ಹೆಕ್ಟೇರ್ ಬರೆಯುವ ಪ್ರತಿ ಸರಕಾರಿ ಪಟ್ಟಿಯೂ ಪಕ್ಕದಲ್ಲಿ ಎಕರೆ-ಗುಂಟೆಯನ್ನು, ಚುಕ್ಕಿಯಿಂದಲ್ಲ, ಪೂರ್ತಿ ಪದಗಳಿಂದ ಬರೆಯಲಿ ಎಂದು ನಾನು ಒತ್ತಿ ಹೇಳುತ್ತೇನೆ. ಒಂದು ಅಂಕಣದ ಜಾಗ ಹೆಚ್ಚು ಬೇಕಾದೀತು, ಅದು ಖರ್ಚಲ್ಲ.

ಯಂತ್ರದ ಒಳಗಿನ ವ್ಯವಸ್ಥೆಗೂ ಒಂದು ಸರಳ ದಾರಿಯಿದೆ. ವಿಸ್ತೀರ್ಣವನ್ನು ದಶಮಾಂಶದಲ್ಲೂ ಇಡಬೇಡಿ, ಚುಕ್ಕಿಯ ಅಂಕಿಯಲ್ಲೂ ಇಡಬೇಡಿ. ಅತಿ ಚಿಕ್ಕ ಅಳತೆಯಾದ ಆಣೆಯಲ್ಲಿ ಪೂರ್ಣಾಂಕವಾಗಿ ಇಡಿ. ಎಕರೆಗೆ 640 ಆಣೆ. ಎರಡು ಎಕರೆ ಇಪ್ಪತ್ತು ಗುಂಟೆ ಎಂದರೆ 1,600. ಕೂಡಿಸುವುದು, ಅಣ್ಣತಮ್ಮಂದಿರಿಗೆ ಹಂಚುವುದು, ಬಾಕಿ ಕಳೆಯುವುದು ಎಲ್ಲ ಪೂರ್ಣಾಂಕದಲ್ಲೇ ನಡೆಯಲಿ. ತೋರಿಸುವಾಗ ಮಾತ್ರ 640ರಿಂದ ಭಾಗಿಸಿ ಎಕರೆ, ಉಳಿದದ್ದನ್ನು 16ರಿಂದ ಭಾಗಿಸಿ ಗುಂಟೆ, ಮಿಕ್ಕದ್ದು ಆಣೆ. ಹಣದ ತಂತ್ರಾಂಶ ಬರೆಯುವವರು ರೂಪಾಯಿಯನ್ನು ಪೈಸೆಯಾಗಿ ಇಡುವುದು ಇದೇ ತತ್ವದ ಮೇಲೆ.

ಮೊದಲ ವರ್ಷದ ಗಣಿತ ಪ್ರಯೋಗಾಲಯದಲ್ಲಿ ವಕ್ರರೇಖೆಗಳ ಚಿತ್ರ, ಸಮೀಕರಣಗಳ ಬಿಡಿಸುವಿಕೆ ಇವೆ. ಅವುಗಳ ಜೊತೆ ಇದೊಂದು ಅಭ್ಯಾಸವೂ ಸೇರಲಿ. ವಿದ್ಯಾರ್ಥಿ ತನ್ನ ಮನೆಯ ಉತಾರವನ್ನು ತರಲಿ, ಇಲ್ಲದಿದ್ದರೆ ಅಧ್ಯಾಪಕರು ಒಂದು ಮಾದರಿಯನ್ನು ಕೊಡಲಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಗದಗಿನಲ್ಲಿರುವಾಗ ಮಾದರಿ ಪಟ್ಟಿಗಳಿಗೆ ಬರವಿಲ್ಲ. ಎಕರೆ, ಗುಂಟೆ, ಆಣೆಗಳನ್ನು ಮೂರು ಪ್ರತ್ಯೇಕ ಅಂಕಿಗಳಾಗಿ ಪಡೆದು, ಆಣೆಯಾಗಿ ಇಟ್ಟು, ಎಕರೆ-ಗುಂಟೆಯ ರೂಪದಲ್ಲೂ ನಾಲ್ಕು ದಶಮಾಂಶದ ಹೆಕ್ಟೇರಿನಲ್ಲೂ ಕನ್ನಡ ಅಂಕಿಗಳಲ್ಲೂ ತೋರಿಸುವ ಪ್ರೋಗ್ರಾಂ ಬರೆಯಲಿ. ಗುಂಟೆ 39 ದಾಟಿದರೆ, ಆಣೆ 15 ದಾಟಿದರೆ ಅದು ಒಪ್ಪಬಾರದು. 2.2 ಎಂದು ಒಂದೇ ಅಂಕಿ ಕೊಟ್ಟರೆ, ಇದು ಗುಂಟೆಯೋ ದಶಮಾಂಶವೋ ಎಂದು ಕೇಳಬೇಕು, ಉತ್ತರ ಸಿಗುವವರೆಗೂ ಲೆಕ್ಕಕ್ಕೆ ತೊಡಗಬಾರದು.